ಹೋಟೆಲ್ ಕ್ಯಾಲಿಫೋರ್ನಿಯಾ ಸೋಲೋ: ಕೊನೆಯಿಂದ ಶುರು ಮಾಡಿ ಕಲಿಯುವ ಬಗೆ

ಮೊದಲು ಯಾವ ರಾಕ್ ಸೋಲೋವನ್ನು ಪೂರ್ತಿ ಕಲಿಯಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಪಿಂಕ್ ಫ್ಲಾಯ್ಡ್‌ನ ‘ಕಂಫರ್ಟಬ್ಲಿ ನಂಬ್’ (1979) ಹಾಡಿನ ಎರಡನೇ ಸೋಲೋ ನಿಧಾನದ್ದು, ಆದರೆ ಅದರ ಜೀವವೆಲ್ಲ ಬೆಂಡ್ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು) ಮತ್ತು ವೈಬ್ರಾಟೊದಲ್ಲಿ (ನಿಂತ ಸ್ವರವನ್ನು ಅಲುಗಿಸುವುದು) ಇದೆ. ಸ್ವರಗಳು ಬೇಗ ಸಿಗುತ್ತವೆ, ಹಾಡು ಬೇಗ ಸಿಗುವುದಿಲ್ಲ. ಲೆಡ್ ಝೆಪೆಲಿನ್‌ನ ‘ಸ್ಟೇರ್‌ವೇ ಟು ಹೆವನ್’ (1971) ಎ ಮೈನರ್ ಪೆಂಟಾಟೋನಿಕ್ ಎಂಬ ಐದು ಸ್ವರಗಳ ಸ್ಕೇಲ್ ಕೈಯಲ್ಲಿ ಕೂತವರಿಗೆ ದಕ್ಕುತ್ತದೆ, ವೇಗದ ಜಾಗಗಳಲ್ಲಿ ಮಾತ್ರ ಕೈಕೊಡುತ್ತದೆ. ಗನ್ಸ್ ಎನ್ ರೋಸಸ್‌ನ ‘ಸ್ವೀಟ್ ಚೈಲ್ಡ್ ಓ ಮೈನ್’ (1987) ನುಡಿಸಬೇಕಾದರೆ ಆರೂ ತಂತಿಗಳನ್ನು ಅರ್ಧ ಸ್ವರ, ಅಂದರೆ ಒಂದು ಫ್ರೆಟ್ (ಬೆರಳಿಡುವ ಹಲಗೆಯ ಲೋಹದ ಪಟ್ಟಿ) ಅಂತರದಷ್ಟು ಇಳಿಸಬೇಕು. ಇಳಿಸದೆ ರೆಕಾರ್ಡ್ ಜೊತೆ ನುಡಿಸಿ, ಟ್ಯಾಬೇ (ಯಾವ ತಂತಿ, ಯಾವ ಫ್ರೆಟ್ ಎಂದು ಅಂಕಿಗಳಲ್ಲಿ ಬರೆದ ಪಾಠ) ತಪ್ಪು ಎಂದು ಬೈಯುವವರು ಬಹಳ. ವ್ಯಾನ್ ಹೇಲನ್‌ನ ‘ಇರಪ್ಷನ್’ (1978) ಸದ್ಯಕ್ಕೆ ಬೇಡ.

ನಮ್ಮ ಆಯ್ಕೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’. 1976ರ ಡಿಸೆಂಬರ್‌ನಲ್ಲಿ ಬಂದ ಆಲ್ಬಂ. ಕೊನೆಯ ಎರಡು ನಿಮಿಷ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಇಬ್ಬರ ಗಿಟಾರ್. ಕಾಲೇಜು ಫೆಸ್ಟ್‌ನಲ್ಲಿ ಮೊದಲ ಎರಡು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕೇಳಿದರೇ ಸಭಿಕರು ಕೂಗುತ್ತಾರೆ ಎಂಬುದು ಒಂದು ಕಾರಣ. ಗಟ್ಟಿ ಕಾರಣ ಇನ್ನೊಂದಿದೆ: ಪ್ರತಿ ಕಾರ್ಡ್ ಬದಲಾದಾಗಲೂ ಸೋಲೋ ಅದರ ಸ್ವರವನ್ನೇ ಹಿಡಿದು ನಡೆಯುತ್ತದೆ. ಒಂದೇ ಸ್ಕೇಲ್ ಬಾಕ್ಸಿನಲ್ಲಿ ಬೆರಳು ಓಡಿಸುವ ಚಾಳಿಯನ್ನು ಇದರಷ್ಟು ಚೆನ್ನಾಗಿ ಬಿಡಿಸುವ ಸೋಲೋ ಮತ್ತೊಂದಿಲ್ಲ.

ಇದು ವೇದಿಕೆಯಲ್ಲಿ ಹೊಳೆದದ್ದಲ್ಲ, ಮೊದಲೇ ಕಟ್ಟಿದ್ದು. ಫೆಲ್ಡರ್ ಮನೆಯಲ್ಲಿ ಡೆಮೊ (ಕಚ್ಚಾ ರೆಕಾರ್ಡಿಂಗ್) ಮಾಡಿಟ್ಟಿದ್ದರು. ಮಯಾಮಿಯ ಸ್ಟುಡಿಯೋದಲ್ಲಿ ಹೊಸದಾಗಿ ಏನೋ ನುಡಿಸಲು ಹೊರಟಾಗ ತಂಡದ ಡ್ರಮ್ಮರ್ ಮತ್ತು ಗಾಯಕ ಡಾನ್ ಹೆನ್ಲಿ ತಡೆದು, ಡೆಮೊದಲ್ಲಿ ಇದ್ದಂತೆಯೇ ಬೇಕು ಎಂದರು. ಕೊನೆಗೆ ಮನೆಗೆ ಫೋನ್ ಮಾಡಿ, ಕ್ಯಾಸೆಟ್ಟನ್ನು ಫೋನಿನಲ್ಲೇ ಕೇಳಿಸಿಕೊಂಡು ತಮ್ಮದೇ ಸೋಲೋವನ್ನು ಮತ್ತೆ ಕಲಿತರು ಎಂದು ಫೆಲ್ಡರ್ ಹೇಳಿಕೊಂಡಿದ್ದಾರೆ. ಆದ್ದರಿಂದ ಇಲ್ಲಿ ‘ಫೀಲ್’ ಹೆಸರಿನಲ್ಲಿ ಸ್ವರ ಬದಲಾಯಿಸುವ ಸ್ವಾತಂತ್ರ್ಯವನ್ನು ಮೊದಲಿಗೆ ತೆಗೆದುಕೊಳ್ಳಬೇಡಿ.

ಗಿಟಾರ್ ಮೊದಲು ಸರಿ ಇರಲಿ

ಬೆಂಡ್ ಜಾಸ್ತಿ ಇರುವುದರಿಂದ 9–42 ಗೇಜಿನ ತೆಳು ತಂತಿ ಹಾಕಿ. ಅದಕ್ಕಿಂತ ದಪ್ಪದ 10–46 ಕೂಡ ನಡೆಯುತ್ತದೆ, ಆದರೆ ಹೊಸಬರು ಅದರಲ್ಲಿ ಪೂರ್ತಿ ಸ್ವರ (ಎರಡು ಫ್ರೆಟ್ ಅಂತರದಷ್ಟು) ಎಳೆಯಲಾರದೆ ಕಾಲು ಭಾಗ ಕೆಳಗೇ ನಿಲ್ಲುತ್ತಾರೆ, ಕಿವಿಯೂ ಆ ಕೊರತೆಗೆ ಒಗ್ಗಿಬಿಡುತ್ತದೆ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 1ನೇ (ಅತಿ ತೆಳು) ತಂತಿಗೆ ಸುಮಾರು 1.5 ಮಿ.ಮೀ., 6ನೇ ತಂತಿಗೆ 2 ಮಿ.ಮೀ. ಇರಲಿ. ಇದಕ್ಕಿಂತ ತಗ್ಗಿಸಿದರೆ ಬೆಂಡ್ ಮಾಡುವಾಗ ತಂತಿ ಮುಂದಿನ ಫ್ರೆಟ್ಟುಗಳಿಗೆ ತಾಗಿ ಕಿರ್ ಎಂಬ ಸದ್ದು ಬರುತ್ತದೆ.

ನಮ್ಮ ದಾವಣಗೆರೆಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್–ಮೇ ಒಣ ಬಿಸಿಲಿಗೆ ಫ್ರೆಟ್‌ಬೋರ್ಡಿನ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಚಿನಲ್ಲಿ ಚುಚ್ಚಲು ಶುರುವಾಗುತ್ತದೆ. ರೋಸ್‌ವುಡ್ ಆದರೆ ತಂತಿ ಬದಲಿಸುವಾಗ ಫ್ರೆಟ್‌ಬೋರ್ಡ್ ಎಣ್ಣೆಯ ನಾಲ್ಕೈದು ಹನಿ ಹಚ್ಚಿ ಒರೆಸಿ. ಮೇಲೆ ಮೆರುಗೆಣ್ಣೆ ಬಳಿದ ಮೇಪಲ್ ಆದರೆ ಬೇಡ. ಮಳೆಗಾಲದಲ್ಲಿ ಮರ ತೇವ ಕುಡಿದು ನೆಕ್ (ಗಿಟಾರಿನ ಕತ್ತು) ಬಾಗುತ್ತದೆ, ತಂತಿ ಮೇಲೇಳುತ್ತದೆ. 1ನೇ ಫ್ರೆಟ್ ಮತ್ತು ನೆಕ್ ದೇಹಕ್ಕೆ ಸೇರುವ ಫ್ರೆಟ್ ಎರಡನ್ನೂ ಒತ್ತಿ ಹಿಡಿದು 7ನೇ ಫ್ರೆಟ್ ಬಳಿ ನೋಡಿ. ತಂತಿಗೂ ಫ್ರೆಟ್ಟಿಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಸಾಕು. ಹೆಚ್ಚಿದ್ದರೆ ನೆಕ್ಕಿನೊಳಗೆ ಬಾಗು ಸರಿಪಡಿಸಲು ಇರುವ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ; ಬಿಗಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಸವೆದ ಫ್ರೆಟ್ ಬದಲಿಸುವಂಥ ಕೆಲಸವಿದ್ದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಒಯ್ಯಲು ಬೇಸರಪಡಬೇಡಿ, ಅರೆಬರೆ ಕೈಗೆ ಕೊಟ್ಟರೆ ಖರ್ಚು ಎರಡಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಡಬಾರದು ಎಂದು ಬೇರೆ ಹೇಳಬೇಕಿಲ್ಲ. ಮಂಡಕ್ಕಿ–ಮಿರ್ಚಿ ತಿಂದ ಕೈಯನ್ನು ಸೋಪು ಹಾಕಿ ತೊಳೆಯದೆ ತಂತಿ ಮುಟ್ಟಬೇಡಿ ಎಂದು ಮಾತ್ರ ಈ ಊರಲ್ಲಿ ಹೇಳಲೇಬೇಕು: ಎಣ್ಣೆ, ಉಪ್ಪು ಎರಡೂ ದಪ್ಪ ತಂತಿಗಳಿಗೆ ಸುತ್ತಿದ ಲೋಹದ ಎಳೆಯ ಸಂದಿಗೆ ಇಳಿದರೆ ಹೊಸ ಸೆಟ್ ಕೂಡ ಕೆಲವೇ ದಿನಗಳಲ್ಲಿ ಮಂಕಾಗುತ್ತದೆ.

ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಜ್ (ತಂತಿಗಳನ್ನು ಹಿಡಿದಿಡುವ, ಸ್ಪ್ರಿಂಗ್ ಬಲದಲ್ಲಿ ಅಲುಗುವ ಭಾಗ) ಇರುವ ಅಗ್ಗದ ಗಿಟಾರ್ ಈ ಸೋಲೋಗೆ ತೊಂದರೆ ಕೊಡುತ್ತದೆ. ಒಂದು ತಂತಿ ಎಳೆದಾಗ ಸ್ಪ್ರಿಂಗುಗಳ ಸಮತೋಲ ತಪ್ಪಿ ಬ್ರಿಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿ ಇಳಿಯುತ್ತವೆ. ಬ್ರಿಜ್ ಹಿಂದೆ ಮರದ ತುಂಡು ಸಿಕ್ಕಿಸಿ ಅಲುಗದಂತೆ ಮಾಡಿದರೆ ಸಾಕು.

ಎಂಟು ಕಾರ್ಡಿನ ಸುತ್ತು

ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಎಫ್ ಶಾರ್ಪ್. ವೇಗ ನಿಮಿಷಕ್ಕೆ ಸುಮಾರು 74 ಬೀಟ್. ಒಂದು ಕಾರ್ಡಿಗೆ ನಾಲ್ಕು ಬೀಟ್, ಅಂದರೆ ಮೂರು ಸೆಕೆಂಡಿಗಿಂತ ಚೂರು ಹೆಚ್ಚು. ಒಂದು ಸುತ್ತಿಗೆ ಸುಮಾರು 26 ಸೆಕೆಂಡ್. ಸೋಲೋ ಪೂರ್ತಿ ಇದೇ ಸುತ್ತು ಮತ್ತೆ ಮತ್ತೆ ಬರುತ್ತದೆ. ಸೋಲೋಗೆ ಕೈ ಹಾಕುವ ಮುನ್ನ ಈ ಕಾರ್ಡುಗಳನ್ನು ರೆಕಾರ್ಡಿನ ಜೊತೆ ನುಡಿಸುತ್ತ, ಮುಂದಿನ ಕಾರ್ಡಿನ ಹೆಸರನ್ನು ಒಂದು ಬೀಟ್ ಮುಂಚೆ ಬಾಯಲ್ಲಿ ಹೇಳಿ. ಹೇಳಲಾಗದಿದ್ದರೆ ಮುಂದೆ ಹೋಗಬೇಡಿ. ಎಲ್ಲಿದ್ದೇವೆ ಎಂದು ಗೊತ್ತಿಲ್ಲದೆ ನುಡಿಸಿದರೆ ಒಂದು ಪದಗುಚ್ಛ ತಪ್ಪಿದ ಕೂಡಲೇ ಉಳಿದದ್ದೆಲ್ಲ ಕುಸಿಯುತ್ತದೆ.

ಬಿ ಮೈನರ್ ಪೆಂಟಾಟೋನಿಕ್ ಒಂದರಲ್ಲೇ ಸಾಗಹಾಕಲು ನೋಡಿದರೆ ಎರಡನೇ ಕಾರ್ಡಿನಲ್ಲೇ ಅಪಸ್ವರ ಕೇಳುತ್ತದೆ. ಎಫ್ ಶಾರ್ಪ್ ಮೇಜರ್‌ನಲ್ಲಿ ಎ ಶಾರ್ಪ್ ಇದೆ, ಪೆಂಟಾಟೋನಿಕ್‌ನಲ್ಲಿ ಬರೀ ಎ ಇದೆ. ಎರಡಕ್ಕೂ ಅರ್ಧ ಸ್ವರದ ಅಂತರ, ಒಟ್ಟಿಗೆ ಬಂದರೆ ಜಗಳ. ಸಂಗೀತ ಪಾಠಕ್ಕೆ ಹೋದವರಿಗೆ ಇದನ್ನು ಸ್ವರದಲ್ಲಿ ಹೇಳುವುದೇ ಸುಲಭ. ಬಿ ಅನ್ನು ಷಡ್ಜ ಮಾಡಿ. ಪೆಂಟಾಟೋನಿಕ್‌ನ ಐದು ಸ್ವರ ಶುದ್ಧ ಧನ್ಯಾಸಿಯವು, ಹಿಂದೂಸ್ತಾನಿ ಕಲಿತವರಿಗೆ ಧಾನಿ. ಬಿ ಮೈನರ್ ಸ್ಕೇಲ್ ಪೂರ್ತಿ ತೆಗೆದುಕೊಂಡರೆ ನಟಭೈರವಿಯ ಸ್ವರಗಳು. ಎಫ್ ಶಾರ್ಪ್ ಬಂದಾಗ ಕೈಶಿಕಿ ನಿಷಾದ ಹೋಗಿ ಕಾಕಲಿ ನಿಷಾದ ಬರುತ್ತದೆ, ಕೀರವಾಣಿಯ ಬಣ್ಣ ಬರುತ್ತದೆ. ಇ ಮೇಜರ್ ಬಂದಾಗ ನಿಷಾದ ಹಳೆಯದೇ, ಧೈವತ ಶುದ್ಧದಿಂದ ಚತುಶ್ರುತಿಗೆ ಏರುತ್ತದೆ, ಖರಹರಪ್ರಿಯದಂತೆ. ಮುಂದಿನ ಜಿ ಕಾರ್ಡಿಗೆ ಧೈವತ ಮತ್ತೆ ಕೆಳಗೆ. ರಾಗದ ಶಿಸ್ತಿನಲ್ಲಿ ಇದು ಒಪ್ಪಿತವಲ್ಲ, ಆದರೆ ಇಡೀ ಹಾಡಿನ ಎಳೆತ ಇರುವುದು ಈ ಎರಡು ಸ್ವರಗಳ ಏರಿಳಿತದಲ್ಲೇ. ಎ ಶಾರ್ಪ್ ಸಿಗುವುದು 1ನೇ ತಂತಿಯ 6ನೇ ಫ್ರೆಟ್, 2ನೇ ತಂತಿಯ 11ನೇ ಫ್ರೆಟ್‌ನಲ್ಲಿ. ಜಿ ಶಾರ್ಪ್ 1ನೇ ತಂತಿಯ 4ನೇ ಫ್ರೆಟ್, 2ನೇ ತಂತಿಯ 9ನೇ ಫ್ರೆಟ್‌ನಲ್ಲಿ. ಈ ನಾಲ್ಕು ಜಾಗ ಕಣ್ಣು ಮುಚ್ಚಿದರೂ ಸಿಗಬೇಕು.

ಕೊನೆಯ ಭಾಗ ಮೊದಲು

ಸೋಲೋದ ಕೊನೆಯಲ್ಲಿ ಎರಡೂ ಗಿಟಾರ್ ಸೇರಿ ಕಾರ್ಡುಗಳನ್ನು ಬಿಡಿಸಿ ನುಡಿಸುವ ಆರ್ಪೆಜಿಯೊ ಭಾಗವಿದೆ. ಎಲ್ಲರೂ ಇದನ್ನು ಕೊನೆಗೆ ಕಲಿಯುತ್ತಾರೆ, ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಇಲ್ಲಿಂದಲೇ ಶುರು ಮಾಡಿ. ಬೆಂಡ್ ಬೇಡ, ಸ್ವರ ಎಲ್ಲಾ ಕಾರ್ಡಿನದೇ, ಜೊತೆಗೆ ಇಡೀ ಸುತ್ತಿನ ನಕ್ಷೆ ಬೆರಳಿಗೆ ಸಿಗುತ್ತದೆ. ಕೆಳಗಿನ ಅಂಕಿಗಳು 3, 2, 1ನೇ ತಂತಿಗಳ ಫ್ರೆಟ್, ಅದೇ ಕ್ರಮದಲ್ಲಿ. ಮೊದಲನೆಯದು ಕೆಳಗಿನ ಗಿಟಾರ್, ಎರಡನೆಯದು ಮೇಲಿನ ಗಿಟಾರ್.

ಬಿ ಮೈನರ್: 7–7–7, ಮೇಲೆ 11–12–10
ಎಫ್ ಶಾರ್ಪ್: 6–7–6, ಮೇಲೆ 11–11–9
ಎ: 6–5–5, ಮೇಲೆ 9–10–9
ಇ: 4–5–4, ಮೇಲೆ 9–9–7
ಜಿ: 4–3–3, ಮೇಲೆ 7–8–7
ಡಿ: 2–3–2, ಮೇಲೆ 7–7–5
ಇ ಮೈನರ್: 0–0–0, ಮೇಲೆ 4–5–3
ಎಫ್ ಶಾರ್ಪ್: 3–2–2, ಮೇಲೆ 6–7–6

ಎರಡೂ ಸಾಲಿನಲ್ಲಿ ಇರುವುದು ಅದೇ ಮೂರು ಸ್ವರ. ಮೇಲಿನ ಗಿಟಾರ್ ಪ್ರತಿ ತಂತಿಯಲ್ಲೂ ಅದೇ ಕಾರ್ಡಿನ ಮುಂದಿನ ಸ್ವರವನ್ನು ಹಿಡಿಯುತ್ತದೆ, ಅಷ್ಟೇ. ಹೀಗಾಗಿ ಒಂದನ್ನು ಬಾಯಿಪಾಠ ಮಾಡಿದವರು ಇನ್ನೊಂದನ್ನು ಲೆಕ್ಕ ಹಾಕಿಯೇ ಕಂಡುಕೊಳ್ಳಬಹುದು.

ಮೊದಲು ಈ ಆಕಾರಗಳನ್ನು ಬೀಟಿಗೆ ಮೂರು ಸ್ವರದಂತೆ, 1ನೇ ತಂತಿಯಿಂದ 3ಕ್ಕೆ ಇಳಿಯುತ್ತ, ನಿಮಿಷಕ್ಕೆ 50 ಬೀಟಿನಲ್ಲಿ ನುಡಿಸಿ. ಕೈಗೆ ಬಂದ ಮೇಲೆ ರೆಕಾರ್ಡನ್ನು ಅರ್ಧ ವೇಗಕ್ಕೆ ಇಳಿಸಿ, ಸ್ವರಗಳ ನಿಖರ ಕ್ರಮವನ್ನು ಕಿವಿಯಿಂದ ಹೊಂದಿಸಿಕೊಳ್ಳಿ. ಯೂಟ್ಯೂಬ್‌ನಲ್ಲಿ ವೇಗ ಇಳಿಸಿದರೆ ಶ್ರುತಿ ಬದಲಾಗುವುದಿಲ್ಲ, ಹಾಗಾಗಿ ಬೇರೆ ಆ್ಯಪ್ ಬೇಕಿಲ್ಲ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಕಾರ್ಡ್ ಹಿಡಿದಂತೆ ಮೂರೂ ಬೆರಳು ಒತ್ತಿಟ್ಟುಕೊಂಡರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಡಿಸ್ಟಾರ್ಷನ್ (ಆ್ಯಂಪಿನ ಒರಟು ಸದ್ದು) ಇದ್ದರೆ ಇನ್ನೂ ಕೆಟ್ಟದು. ಆಕಾರ ಹಿಡಿದೇ ಇರಿ, ಆದರೆ ನುಡಿಸಿ ಆದ ಬೆರಳಿನ ಒತ್ತಡವನ್ನು ಸಡಿಲಿಸಿ, ತಂತಿಯಿಂದ ಮೇಲೆತ್ತದೆ. 7–7–7ರಲ್ಲಿ ಒಂದೇ ಬೆರಳು ಮಲಗಿಸಿದವರು ಅದನ್ನು ಬುಡದಿಂದ ತುದಿಯ ಕಡೆಗೆ ಉರುಳಿಸಬೇಕು. ಇ ಮೈನರ್‌ನ ತೆರೆದ ತಂತಿಗಳಿಗೆ ಬೆರಳೇ ಇಲ್ಲದ್ದರಿಂದ ಅಲ್ಲಿ ಬಲ ಅಂಗೈಯ ಅಂಚೇ ತಡೆಯಬೇಕು. ಮೀಟುವ ಕಡ್ಡಿ (ಪಿಕ್) 1 ಮಿ.ಮೀ. ದಪ್ಪದ್ದಿರಲಿ. ತೆಳು ಕಡ್ಡಿ ಬಾಗಿ ಹಿಂದಿರುಗುವಷ್ಟರಲ್ಲಿ ಮುಂದಿನ ಸ್ವರದ ಸಮಯ ದಾಟಿರುತ್ತದೆ.

ಬೆಂಡ್: ಒಂದೇ ಫ್ರೆಟ್, ಮೂರು ಅಳತೆ

ಈ ಸೋಲೋಗೆಂದೇ ಒಂದು ಅಭ್ಯಾಸ. 2ನೇ ತಂತಿಯ 10ನೇ ಫ್ರೆಟ್, ಅಂದರೆ ಎ ಸ್ವರ. ಮೂರನೇ ಬೆರಳು ಅಲ್ಲಿ, ಮೊದಲ ಎರಡು ಬೆರಳು ಅದರ ಹಿಂದೆ ಅದೇ ತಂತಿಯ ಮೇಲೆ, ಹೆಬ್ಬೆರಳು ನೆಕ್ಕಿನ ಮೇಲಂಚಿಗೆ ಕೊಕ್ಕೆ. ಹಿನ್ನೆಲೆಯಲ್ಲಿ ಕಾರ್ಡುಗಳ ಸುತ್ತು ಓಡಲಿ. ಪ್ರತಿ ಕಾರ್ಡಿಗೂ ಈ ಒಂದೇ ಫ್ರೆಟ್ಟಿನಿಂದ ಒಂದು ಸ್ವರ:

ಬಿ ಮೈನರ್‌ಗೆ ಪೂರ್ತಿ ಸ್ವರ ಎಳೆದು ಬಿ. ಎಫ್ ಶಾರ್ಪ್‌ಗೆ ಅರ್ಧ ಎಳೆದು ಎ ಶಾರ್ಪ್. ಎ ಕಾರ್ಡಿಗೆ ಎಳೆಯುವುದೇ ಬೇಡ. ಇ ಮತ್ತು ಜಿ ಎರಡಕ್ಕೂ ಪೂರ್ತಿ. ಡಿಗೆ ಎಳೆಯದೆ. ಇ ಮೈನರ್‌ಗೆ ಪೂರ್ತಿ. ಕೊನೆಯ ಎಫ್ ಶಾರ್ಪ್‌ಗೆ ಮತ್ತೆ ಅರ್ಧ.

ಎಂಟೂ ಕಡೆ ಅದು ಕಾರ್ಡಿನದೇ ಸ್ವರ. ಸರಿ ಬಂತೋ ಇಲ್ಲವೋ ನೋಡಲು 1ನೇ ತಂತಿಯ 7ನೇ ಫ್ರೆಟ್ ಬಿ, 6ನೇ ಫ್ರೆಟ್ ಎ ಶಾರ್ಪ್. ಮೊದಲು ಅದನ್ನು ಮೀಟಿ, ಬಾಯಲ್ಲಿ ಹಾಡಿ, ಆಮೇಲೆ ಎಳೆಯಿರಿ. ಹಾಡಲಾಗದ ಸ್ವರಕ್ಕೆ ತಂತಿ ಎಳೆದರೆ ಅದು ಎಲ್ಲೋ ನಿಲ್ಲುತ್ತದೆ. ಅರ್ಧ ಸ್ವರದ ಬೆಂಡೇ ಪೂರ್ತಿಯದಕ್ಕಿಂತ ಕಷ್ಟ, ಏಕೆಂದರೆ ಎಳೆಯಲು ಬಲ ಬೇಕು, ನಿಲ್ಲಿಸಲು ಕಿವಿ ಬೇಕು. ಇದು ಬಂದ ಮೇಲೆ 3ನೇ ತಂತಿಯ 9ನೇ ಫ್ರೆಟ್‌ನಿಂದ ಎಫ್ ಶಾರ್ಪ್‌ಗೆ ಎಳೆದು, 2ನೇ ತಂತಿಯ 7ನೇ ಫ್ರೆಟ್ ಜೊತೆ ಹೋಲಿಸಿ.

ಎಳೆತ ಬೆರಳಿನಿಂದ ಬರಬಾರದು, ಮಣಿಕಟ್ಟಿನಿಂದ ಬರಬೇಕು: ಬಾಗಿಲ ಹಿಡಿಕೆ ತಿರುಗಿಸುವ ಚಲನೆ. ಬೆರಳಿಂದ ಎಳೆಯುವವರಿಗೆ ಹತ್ತು ನಿಮಿಷದಲ್ಲಿ ಮುಂಗೈ ಬಿಗಿಯುತ್ತದೆ, ಸ್ವರ ನಡುಗುತ್ತದೆ. ನೋವು ಕೀಲಿನಲ್ಲಿ ಬಂದರೆ ಆ ದಿನಕ್ಕೆ ನಿಲ್ಲಿಸಿ. ಬೆರಳ ತುದಿಯ ಚರ್ಮದ ನೋವಾದರೆ ತಡೆದುಕೊಳ್ಳಬಹುದು.

ವೈಬ್ರಾಟೊ ಬಗ್ಗೆ ಒಂದು ಮಾತು. ಶಾಸ್ತ್ರೀಯ ಸಂಗೀತ ಕಲಿತವರು ಕಂಪಿತದ ರೂಢಿಯಿಂದ ಪ್ರತಿ ಸ್ವರವನ್ನೂ ಅಲುಗಿಸುತ್ತಾರೆ, ಪ್ರತಿ ಸ್ವರಕ್ಕೂ ಜಾರಿಯೇ ಬರುತ್ತಾರೆ. ಈ ಸೋಲೋದಲ್ಲಿ ಉದ್ದಕ್ಕೆ ನಿಲ್ಲುವ ಸ್ವರಕ್ಕೆ ಮಾತ್ರ ವೈಬ್ರಾಟೊ, ಅದೂ ಸ್ವರ ಸ್ಥಿರವಾಗಿ ಕೇಳಿಸಿದ ಮೇಲೆ. ಎಳೆಯದ ಸ್ವರ ಅಲುಗಿದಾಗ ಶ್ರುತಿ ಮೇಲಕ್ಕೆ ಮಾತ್ರ ಹೋಗಿ ಬರುತ್ತದೆ, ಎಳೆದ ಸ್ವರ ಕೆಳಕ್ಕೆ ಹೋಗಿ ಬರುತ್ತದೆ. ಎರಡನೆಯದರಲ್ಲಿ ಪ್ರತಿ ಸಲವೂ ಮೇಲಿನ ಸ್ವರವನ್ನು ಪೂರ್ತಿ ಮುಟ್ಟದಿದ್ದರೆ ಕೇಳುವವರಿಗೆ ಇಡೀ ಸೋಲೋ ಇಳಿದಂತೆ ಅನ್ನಿಸುತ್ತದೆ.

ಉಳಿದ ಸುತ್ತುಗಳು

ಈಗ ಸೋಲೋದ ಆರಂಭಕ್ಕೆ ಬನ್ನಿ. ಆಲ್ಬಂ ರೆಕಾರ್ಡಿನಲ್ಲಿ ಅದು ಸುಮಾರು 4 ನಿಮಿಷ 20 ಸೆಕೆಂಡಿಗೆ ಶುರುವಾಗುತ್ತದೆ. ಮೊದಲು ಫೆಲ್ಡರ್, ಆಮೇಲೆ ವಾಲ್ಶ್, ಬಳಿಕ ಇಬ್ಬರೂ ಮಾತಿಗೆ ಮಾತು ಕೊಟ್ಟಂತೆ, ಕೊನೆಗೆ ನೀವು ಆಗಲೇ ಕಲಿತ ಜೋಡಿ ಭಾಗ. ಒಮ್ಮೆಗೆ ಎರಡು ಕಾರ್ಡಿನಷ್ಟು ಮಾತ್ರ ತೆಗೆದುಕೊಳ್ಳಿ, ಅಂದರೆ ಆರೂವರೆ ಸೆಕೆಂಡ್. ಆ ತುಣುಕನ್ನು ಗಿಟಾರ್ ಇಲ್ಲದೆ ಹಾಡಲು ಬರುವವರೆಗೆ ಕೇಳಿ. ಆಮೇಲೆ ಕಿವಿಯಿಂದ ಹುಡುಕಿ, ಕೊನೆಗೆ ಟ್ಯಾಬ್ ನೋಡಿ. ಟ್ಯಾಬ್ ಸ್ವರ ಸರಿಯಾಗಿ ಹೇಳಿದರೂ ಫ್ರೆಟ್ ಜಾಗ ಬೇರೆ ಹೇಳುವುದುಂಟು. ಬೆಂಡ್ ಆಗಬೇಕಾದದ್ದು ಸ್ಲೈಡ್ ಆಗಿ ಬರೆದಿರುವುದೂ ಉಂಟು. ರೆಕಾರ್ಡೇ ಪ್ರಮಾಣ.

ಯಾವ ರೆಕಾರ್ಡ್ ಎಂಬುದೂ ಮುಖ್ಯ. 1994ರ ‘ಹೆಲ್ ಫ್ರೀಝಸ್ ಓವರ್’ ಅಕೂಸ್ಟಿಕ್ ಆವೃತ್ತಿ ನಮ್ಮಲ್ಲಿ ಮೂಲದಷ್ಟೇ ಜನಪ್ರಿಯ. ಅದರ ಆರಂಭವೇ ಬೇರೆ, ಸೋಲೋದ ವಿವರಗಳೂ ಬೇರೆ. ಎರಡನ್ನೂ ಬೆರೆಸಿ ಕಲಿತರೆ ಬ್ಯಾಂಡಿನವರು ಒಂದು ಆವೃತ್ತಿಯಲ್ಲಿ, ನೀವು ಇನ್ನೊಂದರಲ್ಲಿ ಇರುತ್ತೀರಿ.

ವೇಗ ಏರಿಸುವಾಗ 50ರಿಂದ ನಾಲ್ಕು ನಾಲ್ಕು ಬೀಟ್ ಏರಿಸುತ್ತ 74ಕ್ಕೆ ಬನ್ನಿ. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ಮಾತ್ರ ಮುಂದಿನ ಮೆಟ್ಟಿಲು. 78ರಲ್ಲೂ ಒಮ್ಮೆ ನುಡಿಸಿ ನೋಡಿ, ವೇದಿಕೆಯಲ್ಲಿ ಡ್ರಮ್ಮರ್ ಖಂಡಿತ ಓಡುತ್ತಾನೆ. 74ರಲ್ಲಿ ಬೀಟಿಗೆ ನಾಲ್ಕು ಸ್ವರವೆಂದರೆ ಸೆಕೆಂಡಿಗೆ ಐದೇ ಸ್ವರ. ಅಷ್ಟೇನೂ ವೇಗವಲ್ಲ. ಕೈ ಸಾಲುತ್ತಿಲ್ಲ ಅನ್ನಿಸಿದರೆ ಸಾಮಾನ್ಯವಾಗಿ ಕಾರಣ ವೇಗವಲ್ಲ, ಮುಂದಿನ ಜಾಗ ಎಲ್ಲಿ ಎಂದು ಗೊತ್ತಿಲ್ಲದಿರುವುದು.

ಕರೆಂಟ್ ಹೋದಾಗ ಎಲೆಕ್ಟ್ರಿಕ್ ಗಿಟಾರನ್ನು ಆ್ಯಂಪ್ ಇಲ್ಲದೆಯೇ ನುಡಿಸಿ. ಡಿಸ್ಟಾರ್ಷನ್ ಮುಚ್ಚಿಡುವ ಅಸಮ ಮೀಟು ಆಗ ಕಿವಿಗೆ ಬೀಳುತ್ತದೆ. ಆದರೆ ತಡೆಯುವ ಕೆಲಸ, ಅಂದರೆ ಬೇಡದ ತಂತಿಯ ಸದ್ದು ಅಡಗಿಸುವುದು, ಆ್ಯಂಪ್ ಜೊತೆಗೇ ಅಭ್ಯಾಸವಾಗಬೇಕು. ವಿದ್ಯಾನಗರ, ನಿಟ್ಟುವಳ್ಳಿ ಕಡೆಯ ಬಾಡಿಗೆ ರೂಮುಗಳಲ್ಲಿ ಇರುವವರು ಹೆಡ್‌ಫೋನ್ ಹಾಕಿಯಾದರೂ ಅದನ್ನು ಮಾಡಿ.

ಸದ್ದು ಮತ್ತು ವೇದಿಕೆ

ಆ್ಯಂಪಿನ ಗೇನ್ (ಡಿಸ್ಟಾರ್ಷನ್ ಏರಿಸುವ ಗುಂಡಿ) ಹತ್ತರಲ್ಲಿ ನಾಲ್ಕೈದು ಸಾಕು. ಸ್ವರ ಉದ್ದಕ್ಕೆ ನಿಲ್ಲಬೇಕು, ಆದರೆ ಆರ್ಪೆಜಿಯೊದ ಪ್ರತಿ ಸ್ವರ ಬಿಡಿಯಾಗಿ ಕೇಳಬೇಕು. ಗೇನ್ ಏಳೆಂಟಕ್ಕೆ ಹೋದರೆ ಎರಡನೆಯದು ಸಾಯುತ್ತದೆ. ಬಾಸ್ 4, ಮಿಡ್ 6–7, ಟ್ರೆಬಲ್ 5ರಿಂದ ಶುರು ಮಾಡಿ. ಮಿಡ್ ಇಳಿಸಿದರೆ ಕೋಣೆಯಲ್ಲಿ ಚೆಂದ, ಬ್ಯಾಂಡ್ ನಡುವೆ ಗಿಟಾರ್ ಮಾಯ. ಡಿಲೇ ಬೇಕೆನಿಸಿದರೆ 405 ಮಿಲಿಸೆಕೆಂಡ್, ಅದು 74 ಬೀಟಿನ ಸರಿಯಾಗಿ ಅರ್ಧ. ಒಂದೆರಡು ಮರುದನಿ, ಮಿಕ್ಸ್ ಶೇ. 15–20. ಆರ್ಪೆಜಿಯೊ ಬಂದಾಗ ಆಫ್ ಮಾಡಿ.

ಗಣೇಶ ಪೆಂಡಾಲು, ಬಯಲು ವೇದಿಕೆಗಳಲ್ಲಿ ಸದ್ದಿಗಿಂತ ಮೊದಲು ಅರ್ತಿಂಗ್ ನೋಡಿ. ಗಿಟಾರ್ ಆ್ಯಂಪ್ ಒಂದು ಲೈನಿನಲ್ಲಿ, ಸೌಂಡ್ ಸಿಸ್ಟಂ ಜನರೇಟರ್‌ನಲ್ಲಿ ಇದ್ದು ಒಂದಕ್ಕೆ ಅರ್ತ್ ಇಲ್ಲದಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯುತ್ತದೆ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾಗುವುದು ಸಾಮಾನ್ಯ. ತಂತಿ ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೇ ಪ್ಲಗ್ ತೆಗೆಯಿರಿ. ಟೆಸ್ಟರ್ ಒಂದು ಗಿಟಾರ್ ಚೀಲದಲ್ಲೇ ಇರಲಿ. ಬ್ರಿಜ್ ಮೇಲೆ ಇಟ್ಟಾಗ ದೀಪ ಹತ್ತಿದರೆ, ಎಲ್ಲ ಉಪಕರಣಕ್ಕೂ ಅರ್ತ್ ಇರುವ ಒಂದೇ ಬೋರ್ಡಿನಿಂದ ಕರೆಂಟ್ ಕೊಡುವವರೆಗೆ ನುಡಿಸಬೇಡಿ.

ಗಾಯಕರಿಗೆ ಶ್ರುತಿ ಎತ್ತರವಾದರೆ ಕೀಬೋರ್ಡಿನವರು ಒಂದು ಗುಂಡಿ ಒತ್ತಿ ಇಳಿಸಿಬಿಡುತ್ತಾರೆ, ಗಿಟಾರಿಗೆ ಅಷ್ಟು ಸುಲಭವಿಲ್ಲ. ಫೆಲ್ಡರ್ ಕೂಡ ಡೆಮೊವನ್ನು ಇ ಮೈನರ್‌ನಲ್ಲಿ ಮಾಡಿದ್ದರು, ಹೆನ್ಲಿಯ ಕಂಠಕ್ಕೆ ಹೊಂದಿಸಲು ಬಿ ಮೈನರ್‌ಗೆ ಬಂತು. ಇನ್ನೂ ಕೆಳಗೆ ಬೇಕೆಂದರೆ ಆಕಾರಗಳನ್ನು ಸರಿಸಲು ಹೋಗಬೇಡಿ, ಇ ಮೈನರ್‌ನ ತೆರೆದ ತಂತಿಗಿಂತ ಕೆಳಗೆ ಜಾಗವಿಲ್ಲ. ಎರಡೂ ಗಿಟಾರಿನ ಆರೂ ತಂತಿಯನ್ನು ಅರ್ಧವೋ ಒಂದೋ ಸ್ವರ ಇಳಿಸಿ, ಬೆರಳು ಅಲ್ಲೇ ಇರಲಿ. ಒಂದು ಸ್ವರ ಇಳಿಸುವುದಾದರೆ 10–46 ಸೆಟ್ ಒಳ್ಳೆಯದು, 9–42 ತೀರಾ ಸಡಿಲವಾಗಿ ಬೆಂಡ್ ಗುರಿ ದಾಟುತ್ತದೆ.

ಇನ್ನೊಂದು ವಿಷಯ ರಿಹರ್ಸಲ್‌ನಲ್ಲೇ ತೀರ್ಮಾನವಾಗಬೇಕು. ಆಲ್ಬಂ ರೆಕಾರ್ಡ್ ಕ್ರಮೇಣ ಸದ್ದಿಳಿದು ಮುಗಿಯುತ್ತದೆ, ಅಲ್ಲಿ ಅಂತ್ಯವೇ ಇಲ್ಲ. ವೇದಿಕೆಯಲ್ಲಿ ಹಾಗೆ ಇಳಿಸಲಾಗದು. ಆರ್ಪೆಜಿಯೊ ಎರಡು ಸುತ್ತು ಎಂದು ಮೊದಲೇ ಲೆಕ್ಕ ಇಟ್ಟುಕೊಳ್ಳಿ. ಎರಡನೇ ಸುತ್ತಿನ ಇ ಮೈನರ್‌ನಲ್ಲಿ ಡ್ರಮ್ಮರ್‌ಗೆ ಕಣ್ಸನ್ನೆ ಕೊಡಿ, ಕೊನೆಯ ಎಫ್ ಶಾರ್ಪ್‌ನ ನಾಲ್ಕನೇ ಬೀಟಿಗೆ ಎಲ್ಲರೂ ನಿಂತು, ಮುಂದಿನ ಒಂದನೇ ಬೀಟಿಗೆ ಬಿ ಮೈನರ್ ಒಮ್ಮೆ ಮೀಟಿ, ಅಂಗೈ ತಂತಿಗಳ ಮೇಲೆ ಇಡಿ.